ಮೂರು ದಿನಕ್ಕೇ ಹಲ್ಲು ಕೂರಿಸಿದ್ರೆ ಅಗಿಯೋ ಭಾರ ಎಲ್ಲಿಗೆ ಹೋಗತ್ತೆ?

ಪ್ರಶ್ನೆ: ಡಾಕ್ಟ್ರೇ, ನಮಸ್ಕಾರ. ನಾನು ಮಂಡ್ಯದವಳು, ಮೆಕ್ಯಾನಿಕಲ್ ಇಂಜಿನಿಯರಿಂಗ್ ಕೊನೇ ವರ್ಷ. ಅಪ್ಪಂಗೆ 56 ವಯಸ್ಸು, ಕೆಳಗಡೆ ಮೊದಲನೇ ದವಡೆ ಹಲ್ಲು ಕೀಳಿಸಿ ಒಂದು ವರ್ಷ ಆಯ್ತು. ಮೈಸೂರಲ್ಲಿ ಒಂದು ಕ್ಲಿನಿಕ್‌ನವ್ರು ಇಂಪ್ಲಾಂಟ್ (ಮೂಳೇಲಿ ಕೂರಿಸೋ ಟೈಟಾನಿಯಂ ಸ್ಕ್ರೂ) ಹಾಕಿ 3 ದಿನಕ್ಕೇ ಹಲ್ಲು ಕೊಡ್ತೀವಿ ಅಂದ್ರು, ಇನ್ನೊಬ್ರು ಡಾಕ್ಟ್ರು 3 ತಿಂಗಳು ಕಾಯ್ಲೇಬೇಕು ಅಂದ್ರು. ತಮಾಷೆ ಅಂದ್ರೆ ನಮ್ಮ ಸೋದರತ್ತೆಗೆ ಕೆಳಗಿನ ಹಲ್ಲು ಪೂರ್ತಿ ಇರ್ಲಿಲ್ಲ, ಅವ್ರಿಗೆ ಈ ಕಾಯಿ ಅಂದ ಡಾಕ್ಟ್ರೇ ಎರಡೇ ದಿನಕ್ಕೆ ಫಿಕ್ಸ್ ಹಲ್ಲು ಕೊಟ್ಟಿದ್ದಾರೆ, ಚೆನ್ನಾಗೇ ಇದ್ದಾರೆ. ಒಂದು ಹಲ್ಲಿಗೆ ಕಾಯ್ಬೇಕು, ಹನ್ನೆರಡು ಹಲ್ಲಿಗೆ ಬೇಡ, ಇದು ಯಾವ ಲೆಕ್ಕ? ನಾನೂ ಕಂಪ್ಯೂಟರ್ ಮಾಡೆಲ್ ಚಿತ್ರಗಳು ನೋಡ್ದೆ, ಎಲ್ಲದ್ರಲ್ಲೂ ಇಂಪ್ಲಾಂಟ್ ಕತ್ತಿನ ಹತ್ರ ಮೂಳೆ ಕೆಂಪಗಿದೆ. ಅಲ್ಲಿ ಮೂಳೆ ಮುರಿಯತ್ತೆ ಅಂತಾನಾ?

ಉತ್ತರ:

ಇಬ್ರು ಡಾಕ್ಟ್ರಲ್ಲಿ ಯಾರೂ ಸುಳ್ಳು ಹೇಳ್ತಿಲ್ಲ, ಆದ್ರೆ ನಿಮ್ಮ ತಂದೆಯವ್ರ ಆ ಒಂಟಿ ದವಡೆ ಹಲ್ಲಿಗೆ ನನ್ನ ಓಟು ಕಾಯಿ ಅಂದವ್ರಿಗೇ. ನಿಮ್ಮ ಅತ್ತೆಗೆ ಬೇಗ ಕೊಟ್ಟಿದ್ದೂ ಸರಿ, ಅಪ್ಪಂಗೆ ತಡ ಮಾಡಿ ಅಂದಿದ್ದೂ ಸರಿ, ಎರಡಕ್ಕೂ ಕಾರಣ ಒಂದೇ. ನೀವು ಇಂಜಿನಿಯರಿಂಗ್ ಓದ್ತಿರೋದ್ರಿಂದ ಸ್ವಲ್ಪ ಬಿಡಿಸೇ ಹೇಳ್ತೀನಿ, ಉದ್ದ ಆಗತ್ತೆ, ಓದಿ.

ಮೊದ್ಲು ಆ ಕೆಂಪು ಬಣ್ಣ. ನಮ್ಮ ಸ್ವಂತ ಹಲ್ಲು ಮೂಳೆಗೆ ನೇರವಾಗಿ ಅಂಟಿಕೊಂಡಿರಲ್ಲ, ಬೇರಿಗೂ ಮೂಳೆಗೂ ಮಧ್ಯೆ ಸುಮಾರು 0.2 ಮಿಲಿಮೀಟರ್‌ನ ನಾರಿನ ಪದರ ಇದೆ, ಅಗಿದಾಗ ಹಲ್ಲು ಆ ಪದರದೊಳಗೆ ಒಂಚೂರು ಇಳಿಯತ್ತೆ, ಭಾರ ಬೇರಿನ ಉದ್ದಕ್ಕೂ ಹಂಚಿಹೋಗತ್ತೆ. ಇಂಪ್ಲಾಂಟಿಗೆ ಆ ಪದರ ಇಲ್ಲ. ಟೈಟಾನಿಯಂ ಸ್ಕ್ರೂ ನೇರ ಮೂಳೇಲಿ ಕೂತಿರತ್ತೆ. ಟೈಟಾನಿಯಂನ ಎಲಾಸ್ಟಿಕ್ ಮಾಡ್ಯುಲಸ್, ಅಂದ್ರೆ ಗಡುಸುತನದ ಅಳತೆ, ಸುಮಾರು 110 ಗಿಗಾಪ್ಯಾಸ್ಕಲ್, ದವಡೆಯ ಹೊರಗಿನ ಗಟ್ಟಿ ಮೂಳೇದು 14ರ ಆಸುಪಾಸು, ಒಳಗಿನ ಜಾಲರಿ ಥರದ ಮೆದು ಮೂಳೇದು 1 ಅಥವಾ ಅದಕ್ಕೂ ಕಡಿಮೆ. ಇಷ್ಟು ಗಡುಸಾದ ಸ್ಕ್ರೂ ಪಕ್ಕಕ್ಕೆ ವಾಲೋಕೆ ಹೊರಟ್ರೆ ಅದನ್ನ ಮೊದ್ಲು ತಡೆಯೋದು ಮೇಲಿರೋ ಗಟ್ಟಿ ಮೂಳೆಯ ಅಂಚು, ಒಳಗಿನ ಮೆದು ಮೂಳೆ ಪಾಲಿಗೆ ಬರೋದು ಕಮ್ಮಿ. ಹಾಗಾಗಿ ಕತ್ತಿನ ಹತ್ರ, ಅಂದ್ರೆ ಸ್ಕ್ರೂ ಮೂಳೆಯಿಂದ ಆಚೆ ಬರೋ ಜಾಗದಲ್ಲಿ, ಅದರ ಮೊದಲ ಒಂದೆರಡು ಮರೆಗಳ (ಸ್ಕ್ರೂ ಸುತ್ತುಗಳ) ಹತ್ರ ಕೆಂಪು ಬಂದೇ ಬರತ್ತೆ, ಅದು ನಿನ್ನೆ ಹಾಕಿದ ಇಂಪ್ಲಾಂಟ್ ಆಗ್ಲಿ ಹತ್ತು ವರ್ಷ ಹಳೇದಾಗ್ಲಿ. ಕೆಂಪು ಅಂದ ತಕ್ಷಣ ಮುರೀತು ಅಂತಲ್ಲ, ಆ ಮಾಡೆಲ್‌ನಲ್ಲಿ ಅತಿ ಹೆಚ್ಚು ಒತ್ತಡ (ಸ್ಟ್ರೆಸ್) ಅಲ್ಲಿದೆ ಅಂತ ಅಷ್ಟೇ. ಪಕ್ಕದಲ್ಲಿ ಬಣ್ಣದ ಪಟ್ಟಿ ಇರತ್ತಲ್ಲ, ಅದರಲ್ಲಿ ಕೆಂಪಿಗೆ ಎಷ್ಟು ಅಂಕಿ ಕೊಟ್ಟಿದ್ದಾರೆ ಅನ್ನೋದನ್ನ ನೋಡ್ದೆ ಎರಡು ಚಿತ್ರ ಹೋಲಿಸ್ಬೇಡಿ.

ಈಗ ಬೇಗ ಹಲ್ಲು ಕೂರಿಸೋದಕ್ಕೂ ತಡವಾಗಿ ಕೂರಿಸೋದಕ್ಕೂ ವ್ಯತ್ಯಾಸ ಎಲ್ಲಿ ಬರತ್ತೆ ಅಂದ್ರೆ, ಮಾಡೆಲ್ ಮಾಡೋವಾಗ ಸ್ಕ್ರೂಗೂ ಮೂಳೆಗೂ ನಡುವೆ ಯಾವ ಕಾಂಟ್ಯಾಕ್ಟ್ ಕೊಡ್ತೀರ ಅನ್ನೋದ್ರಲ್ಲಿ. ಮೂಳೆ ಬೆಸೆದುಕೊಂಡ ಇಂಪ್ಲಾಂಟಿಗೆ ಬಾಂಡೆಡ್ ಅಂತ ಕೊಡ್ತಾರೆ, ಎರಡೂ ಅಂಟಿರತ್ತೆ, ಎಳೆದ್ರೂ ಬಿಡಲ್ಲ. ಹೊಸದಾಗಿ ಹಾಕಿದ್ದಕ್ಕೆ ಬರೀ ಘರ್ಷಣೆ ಇರೋ ಕಾಂಟ್ಯಾಕ್ಟ್ ಕೊಡ್ತಾರೆ, ಘರ್ಷಣೆಯ ಗುಣಾಂಕ ಸಾಮಾನ್ಯವಾಗಿ 0.3. ಈ ಒಂದು ಬದಲಾವಣೆ ಸಾಕು, ಚಿತ್ರವೇ ಬೇರೆ ಆಗತ್ತೆ. ಪಕ್ಕದಿಂದ ತಳ್ಳಿದಾಗ ಬೆಸೆದುಕೊಂಡ ಇಂಪ್ಲಾಂಟಲ್ಲಿ ಒಂದು ಕಡೆ ಮೂಳೆ ಒತ್ತಿಸ್ಕೊಳತ್ತೆ, ಎದುರು ಕಡೆ ಮೂಳೆ ಹಿಡಿದು ಎಳೆಯತ್ತೆ, ಇಬ್ರೂ ಸೇರಿ ಭಾರ ಹೊರ್ತಾರೆ. ಹೊಸ ಇಂಪ್ಲಾಂಟಲ್ಲಿ ಎದುರು ಕಡೆ ಹಿಡಿಯೋಕೆ ಯಾರೂ ಇಲ್ಲ, ಅಲ್ಲಿ ಕಣ್ಣಿಗೆ ಕಾಣದಷ್ಟು ಸಂದು ಬಿಟ್ಕೊಳತ್ತೆ, ಒತ್ತಿಸ್ಕೊಳ್ಳೋ ಕಡೆಯ ಮೂಳೇನೇ ಪೂರ್ತಿ ಹೊರಬೇಕು. ಅದೇ ಇಂಪ್ಲಾಂಟ್, ಅದೇ ಹಲ್ಲು, ಅದೇ ಭಾರ, ಆದ್ರೂ ಕತ್ತಿನ ಹತ್ರ ಸ್ಟ್ರೆಸ್ ಜಾಸ್ತಿ, ಜೊತೆಗೆ ಇಂಪ್ಲಾಂಟ್ ಅಲುಗಾಡತ್ತೆ.

ಈ ಅಲುಗಾಟವೇ ನಿಜವಾದ ವಿಷಯ. ಮೂಳೆ ಮುರಿಯತ್ತಾ ಅನ್ನೋ ಚಿಂತೆಗಿಂತ ಇಂಪ್ಲಾಂಟ್ ಎಷ್ಟು ಮೈಕ್ರಾನ್ ಅಲ್ಲಾಡ್ತಿದೆ ಅನ್ನೋ ಚಿಂತೆ ಮಾಡ್ಬೇಕು. ಒಂದು ಮೈಕ್ರಾನ್ ಅಂದ್ರೆ ಮಿಲಿಮೀಟರ್‌ನ ಸಾವಿರದಲ್ಲಿ ಒಂದು ಭಾಗ. ವಾಸಿ ಆಗೋ ಹೊತ್ತಲ್ಲಿ ಸುಮಾರು 50ರಿಂದ 150 ಮೈಕ್ರಾನ್ ತನಕ ಅಲುಗಾಟವನ್ನ ಮೂಳೆ ಸಹಿಸ್ಕೊಳತ್ತೆ ಅಂತ ನಮ್ಮ ಕ್ಷೇತ್ರದಲ್ಲಿ ಒಪ್ಪಿರೋ ಅಂದಾಜು. ಅದನ್ನ ದಾಟಿ ದಿನಾ ಅಲ್ಲಾಡ್ತಾ ಇದ್ರೆ ಸ್ಕ್ರೂ ಸುತ್ತ ಮೂಳೆ ಬೆಳೆಯೋ ಬದ್ಲು ಮೆತ್ತನೆ ನಾರು ಅಂಗಾಂಶ ಬೆಳ್ಕೊಳತ್ತೆ. ಒಂದ್ಸಲ ನಾರು ಸುತ್ಕೊಂಡ್ರೆ ಮುಗೀತು, ಆಮೇಲೆ ಎಷ್ಟು ಕಾದ್ರೂ ಅದು ಮೂಳೆ ಆಗಲ್ಲ, ಇಂಪ್ಲಾಂಟ್ ತೆಗೀಲೇಬೇಕು. ನಿಮ್ಮ ಕಡೆ ಹಸು ಕಟ್ಟೋಕೆ ಗೂಟ ಹೊಡೀತಾರಲ್ಲ, ಹೊಡೆದ ದಿನ ಬಿಗಿಯಾಗೇ ಇರತ್ತೆ, ಆದ್ರೆ ಮಣ್ಣು ಕಚ್ಚೋಕ್ಕೆ ಮುಂಚೆನೇ ಹಸು ಆ ಕಡೆ ಈ ಕಡೆ ಜಗ್ಗಿದ್ರೆ ಗುಂಡಿ ಬಾಯಿ ಅಗಲ ಆಗ್ತಾ ಹೋಗತ್ತೆ, ಆಮೇಲೆ ಎಷ್ಟು ಉದ್ದದ ಗೂಟ ಆದ್ರೂ ಪ್ರಯೋಜನ ಇಲ್ಲ.

ಇಲ್ಲಿ ಒಂದು ಮಾತು ಒತ್ತಿ ಹೇಳ್ಬೇಕು, ಯಾಕಂದ್ರೆ ಪೇಷೆಂಟುಗಳು ಎಡವೋದು ಇಲ್ಲೇ. ಹಾಕಿದ ದಿನ ಇಂಪ್ಲಾಂಟ್ ಬಿಗಿಯಾಗಿರೋದು ಬರೀ ಸ್ಕ್ರೂ ಮರೆಗಳ ಹಿಡಿತದಿಂದ. ಆಮೇಲೆ ದೇಹ ಏನ್ ಮಾಡತ್ತೆ, ಮರೆಗಳು ಒತ್ತಿ ಜಜ್ಜಿದ ಮೂಳೇನ ನಿಧಾನಕ್ಕೆ ಕರಗಿಸಿ ತೆಗೆಯತ್ತೆ, ಆ ಜಾಗದಲ್ಲಿ ಹೊಸ ಮೂಳೆ ಕಟ್ಟೋಕೆ ಶುರು ಮಾಡತ್ತೆ. ಹಳೇ ಹಿಡಿತ ಇಳೀತಾ ಇರತ್ತೆ, ಹೊಸ ಹಿಡಿತ ಇನ್ನೂ ಏರಿರಲ್ಲ. ಹಾಗಾಗಿ ಸುಮಾರು 3ನೇ, 4ನೇ ವಾರದಲ್ಲಿ ಇಂಪ್ಲಾಂಟ್ ಮೊದಲ ದಿನಕ್ಕಿಂತ ಸಡಿಲ ಆಗಿರತ್ತೆ. ಅದೇ ಹೊತ್ತಿಗೆ ಊತ ಇಳಿದಿರತ್ತೆ, ಹೊಲಿಗೆ ಬಿಚ್ಚಿರ್ತಾರೆ, ನೋವಿರಲ್ಲ, ಪೇಷೆಂಟಿಗೆ ಎಲ್ಲಾ ಸರಿಹೋಯ್ತು ಅನ್ನಿಸಿ ಆ ಕಡೇಲೇ ಅಗಿಯೋಕೆ ಶುರು ಮಾಡ್ತಾರೆ. ಮೊದಲ ವಾರ ಹೆದ್ರಿಕೊಂಡು ಗಂಜಿ ಕುಡಿದು, ನಾಲ್ಕನೇ ವಾರ ಧೈರ್ಯವಾಗಿ ನಿಪ್ಪಟ್ಟು ಕಡಿಯೋದು, ಮೂಳೆ ಲೆಕ್ಕದಲ್ಲಿ ಇದು ಪೂರಾ ಉಲ್ಟಾ.

ಸ್ವೀಡನ್‌ನ ಸಂಶೋಧಕ ಬ್ರೋನೆಮಾರ್ಕ್ 1965ರಲ್ಲಿ ಮೊದಲ ಪೇಷೆಂಟಿಗೆ ಟೈಟಾನಿಯಂ ಇಂಪ್ಲಾಂಟ್ ಹಾಕಿದ್ದು, ಆಮೇಲೆ ಅವರ ಪದ್ಧತಿಯಲ್ಲಿ ಕೆಳದವಡೆಗೆ 3 ತಿಂಗಳು, ಮೇಲ್ದವಡೆಗೆ 6 ತಿಂಗಳು ವಸಡಿನ ಅಡಿ ಮುಚ್ಚಿಟ್ಟು ಕಾಯ್ತಿದ್ದಿದ್ದು ಇದಕ್ಕೇ. ಈಗ ಇಂಪ್ಲಾಂಟ್ ಮೇಲ್ಮೈಯನ್ನ ಮರಳು ಹೊಡೆದು ಆಸಿಡ್ಡಲ್ಲಿ ಒರಟು ಮಾಡಿರ್ತಾರೆ, ಮೂಳೆ ಬೇಗ ಕಚ್ಕೊಳತ್ತೆ, ಒಳ್ಳೇ ಮೂಳೇಲಿ 6ರಿಂದ 8 ವಾರಕ್ಕೂ ಹಲ್ಲು ಕೊಡಬಹುದು. ಇಂಪ್ಲಾಂಟ್ ಹಾಕಿ ಒಂದು ವಾರದೊಳಗೆ ಹಲ್ಲು ಕೂರಿಸಿದ್ರೆ ಅದನ್ನ ಇಮಿಡಿಯೇಟ್ ಲೋಡಿಂಗ್ ಅಂತೀವಿ, ನಿಮಗೆ 3 ದಿನ ಅಂದಿದ್ದು ಅದೇ.

ಈಗ ಅಪ್ಪನ ಹಲ್ಲಿಗೆ ಬನ್ನಿ, ನೀವೇ ಲೆಕ್ಕ ಹಾಕ್ಬಹುದು. ಕೆಳಗಿನ ಮೊದಲ ದವಡೆ ಹಲ್ಲು ಹಿಂದೆ ಮುಂದೆ ಸುಮಾರು 11 ಮಿಲಿಮೀಟರ್ ಅಗಲ. ಅದರ ಅಡಿ ಕೂರೋ ಇಂಪ್ಲಾಂಟ್ 4.5 ಅಥವಾ 5 ಮಿಲಿಮೀಟರ್ ದಪ್ಪ. ಅಂದ್ರೆ ಅದರ ಮೇಲೆ ಕೂರೋ ಕ್ಯಾಪ್ (ಹೊರಗೆ ಕಾಣೋ ಹಲ್ಲು) ಎರಡೂ ಕಡೆ ಮೂರು ಮೂರು ಮಿಲಿಮೀಟರ್ ಹೊರಗೆ ಚಾಚಿರತ್ತೆ. ಇಂಪ್ಲಾಂಟ್ ನಡುಗೆರೆಯಿಂದ 4 ಮಿಲಿಮೀಟರ್ ಆಚೆ, ಕ್ಯಾಪಿನ ಅಂಚಲ್ಲಿ 200 ನ್ಯೂಟನ್ ಬಿತ್ತು ಅಂತಿಟ್ಕೊಳ್ಳಿ, ದವಡೆ ಹಲ್ಲಿಗೆ ಅದು ದೊಡ್ಡ ಭಾರವೇನಲ್ಲ, ಬಲವಾಗಿ ಕಚ್ಚಿದ್ರೆ ಅದರ ಎರಡು ಪಟ್ಟು ಸಲೀಸಾಗಿ ಬರತ್ತೆ. ಆಗ ಬೆಂಡಿಂಗ್ ಮೊಮೆಂಟ್, ಅಂದ್ರೆ ಸ್ಕ್ರೂವನ್ನ ಬಾಗಿಸೋ ಪ್ರಭಾವ (ಬಲ ಗುಣಿಸು ದೂರ), 800 ನ್ಯೂಟನ್ ಮಿಲಿಮೀಟರ್. ಅಡ್ಡಡ್ಡ ಅರೆಯೋವಾಗ ಬರೀ 50 ನ್ಯೂಟನ್ ಪಕ್ಕಕ್ಕೆ ತಳ್ಳಿದ್ರೂ, ಮೂಳೆ ಮಟ್ಟದಿಂದ ಕ್ಯಾಪ್ 8 ಮಿಲಿಮೀಟರ್ ಎತ್ತರ ಅಂದ್ರೆ, ಇನ್ನೊಂದು 400. ಇಷ್ಟೂ ಒಂದೇ ಸ್ಕ್ರೂ ಮೇಲೆ, ಹಂಚಿಕೊಳ್ಳೋಕೆ ಪಕ್ಕದಲ್ಲಿ ಯಾರೂ ಇಲ್ಲ. ಮೂಳೆಗೆ ನೇರ ಒತ್ತಿದ್ರೆ ತಡ್ಕೊಳ್ಳೋ ಶಕ್ತಿ ಚೆನ್ನಾಗಿದೆ, ಎಳೆತಕ್ಕೆ ಅಷ್ಟಿಲ್ಲ, ಜಾರಿಸೋ ಬಲಕ್ಕೆ ಇನ್ನೂ ಕಮ್ಮಿ, ಬೆಂಡಿಂಗ್ ಬಂದಾಗ ಈ ಮೂರೂ ಒಟ್ಟಿಗೆ ಬರತ್ತೆ.

ಇದೇ ಕಾರಣಕ್ಕೆ ಕತ್ತಿನ ಸ್ಟ್ರೆಸ್ ಇಳಿಸೋಕೆ ಉದ್ದಕ್ಕಿಂತ ದಪ್ಪ ಜಾಸ್ತಿ ಕೆಲಸ ಮಾಡತ್ತೆ. ದುಂಡು ಸರಳಿನ ಬೆಂಡಿಂಗ್ ಸ್ಟ್ರೆಸ್ ವ್ಯಾಸದ ಘನಕ್ಕೆ ವಿಲೋಮ ಅನುಪಾತದಲ್ಲಿ ಇರತ್ತೆ ಅಂತ ನೀವು ಓದಿರ್ತೀರ, 3.5 ಇಂದ 4.5 ಮಿಲಿಮೀಟರಿಗೆ ಹೋದ್ರೆ ಸ್ಕ್ರೂ ಮೇಲಿನ ಸ್ಟ್ರೆಸ್ ಅರ್ಧಕ್ಕಿಂತ ಕೆಳಗೆ ಬರತ್ತೆ. ಮೂಳೆಗೆ ಅಷ್ಟೇ ಪ್ರಮಾಣದಲ್ಲಿ ಇಳಿಯಲ್ಲ, ಆದ್ರೆ ದಿಕ್ಕು ಅದೇ. ಹಂಗಂತ ಸಣ್ಣ ಮೂಳೇಲಿ ದಪ್ಪ ಇಂಪ್ಲಾಂಟ್ ತುರುಕಿದ್ರೆ ಕೆನ್ನೆ ಕಡೆಯ ಮೂಳೆಗೋಡೆ ತೆಳ್ಳಗಾಗಿ ಕರಗಿಹೋಗತ್ತೆ, ಅದು ಇನ್ನೊಂದು ತೊಂದ್ರೆ. ಹಲ್ಲು ಕೀಳಿಸಿ ವರ್ಷ ಆಗಿರೋದ್ರಿಂದ ಅಲ್ಲಿ ಮೂಳೆ ಅಗಲ ಕುಗ್ಗಿರೋ ಸಾಧ್ಯತೆ ಇದೆ, ಸಿಬಿಸಿಟಿ (ದವಡೆಯ 3ಡಿ ಎಕ್ಸ್‌ರೇ) ಸ್ಕ್ಯಾನ್ ಇಲ್ದೆ ಯಾರೂ ಏನೂ ಹೇಳೋ ಹಾಗಿಲ್ಲ.

ನಿಮ್ಮ ಅತ್ತೆಗೆ ಯಾಕೆ ನಡೀತು? ಅವ್ರಿಗೆ ನಾಲ್ಕೋ ಆರೋ ಇಂಪ್ಲಾಂಟ್ ಹಾಕಿ ಎಲ್ಲವನ್ನೂ ಒಂದೇ ಗಟ್ಟಿ ಬ್ರಿಡ್ಜಲ್ಲಿ ಕಟ್ಟಿರ್ತಾರೆ, ಆ ಬ್ರಿಡ್ಜು ದವಡೆಯ ಕಮಾನಿನ ಆ ತುದಿಯಿಂದ ಈ ತುದಿಗೆ ಬಳಸಿ ಬಂದಿರತ್ತೆ. ಒಂದು ಇಂಪ್ಲಾಂಟ್ ಪಕ್ಕಕ್ಕೆ ವಾಲೋಕೆ ಹೋದ್ರೆ ಉಳಿದವು ಬಿಡಲ್ಲ. ಕಮಾನಿನ ಆಕಾರಕ್ಕೆ ಹರಡಿರೋದ್ರಿಂದ ವಾಲಿಸೋ ಬಲ ಹೆಚ್ಚುಕಮ್ಮಿ ಒಂದು ಕಡೆ ಕೆಳಗೆ ತಳ್ಳೋದಾಗಿ, ಇನ್ನೊಂದು ಕಡೆ ಮೇಲಕ್ಕೆ ಎಳೆಯೋದಾಗಿ ಬದಲಾಗತ್ತೆ, ಒಂದೊಂದರ ಕತ್ತಿನ ಹತ್ರ ಬೆಂಡಿಂಗ್ ಇಳಿಯತ್ತೆ, ಅಲುಗಾಟ ಆ ಮೈಕ್ರಾನ್ ಮಿತಿಯೊಳಗೇ ಉಳಿಯತ್ತೆ. ಜೊತೆಗೆ ಕೆಳದವಡೆ ಮುಂಭಾಗದ ಮೂಳೆ ಬಾಯಲ್ಲೇ ಅತಿ ಗಟ್ಟಿ. ಪೋರ್ಚುಗಲ್‌ನ ದಂತವೈದ್ಯ ಪಾಲೊ ಮಾಲೊ ರೂಢಿಗೆ ತಂದ, ನಾಲ್ಕೇ ಇಂಪ್ಲಾಂಟ್ ಮೇಲೆ ಪೂರ್ತಿ ಸಾಲು ಕೂರಿಸೋ ಆಲ್ ಆನ್ ಫೋರ್ ಪದ್ಧತೀಲಿ ಹಿಂದಿನ ಎರಡು ಇಂಪ್ಲಾಂಟನ್ನ ಬೇಕಂತಲೇ 30ರಿಂದ 45 ಡಿಗ್ರಿ ವಾರೆಯಾಗಿ ಹಾಕ್ತಾರೆ. ವಾರೆ ಹಾಕಿದ್ರೆ ಸ್ಟ್ರೆಸ್ ಜಾಸ್ತಿ ಆಗಲ್ವಾ ಅಂತ ನಿಮಗೆ ಅನ್ನಿಸ್ಬಹುದು, ಒಂಟಿ ಇಂಪ್ಲಾಂಟಾಗಿದ್ರೆ ಖಂಡಿತ ಆಗತ್ತೆ, ಆದ್ರೆ ಇಲ್ಲಿ ಅದರ ತಲೆ ಹಿಂದಕ್ಕೆ ಬರೋದ್ರಿಂದ ಬ್ರಿಡ್ಜು ಆಧಾರ ಇಲ್ಲದೆ ಹಿಂದಕ್ಕೆ ಚಾಚ್ಕೊಂಡಿರೋ ಭಾಗ ಗಿಡ್ಡ ಆಗತ್ತೆ, ಆ ಕ್ಯಾಂಟಿಲಿವರ್ ಗಿಡ್ಡ ಆಗೋದ್ರಿಂದ ಸಿಗೋ ಲಾಭ ವಾರೆಯ ನಷ್ಟಕ್ಕಿಂತ ದೊಡ್ಡದು. ಹನ್ನೆರಡು ಹಲ್ಲು ಎರಡು ದಿನಕ್ಕೆ, ಒಂದು ಹಲ್ಲು ಮೂರು ತಿಂಗಳಿಗೆ ಅನ್ನೋ ನಿಮ್ಮ ಲೆಕ್ಕ ಈಗ ಕೂಡಿ ಬಂತು ಅನ್ಕೋತೀನಿ.

ಆದ್ರೂ ಒಂಟಿ ಹಲ್ಲಿಗೆ ಬೇಗ ಕೊಡೋದೇ ತಪ್ಪು ಅಂತ ನಾನು ಹೇಳ್ತಿಲ್ಲ. ಮುಂದಿನ ಹಲ್ಲಾದ್ರೆ, ಮದುವೆ ಮನೆಗೆ ಹೋಗ್ಬೇಕು, ಕೆಲಸದಲ್ಲಿ ಜನರ ಎದುರು ನಿಂತು ಮಾತಾಡ್ಬೇಕು ಅನ್ನೋವ್ರಿಗೆ ಅದೇ ದಿನ ಟೆಂಪರರಿ ಹಲ್ಲು ಕೊಡ್ತೀವಿ, ಆದ್ರೆ ಆ ಹಲ್ಲು ಎದುರಿನ ಹಲ್ಲಿಗೆ ತಾಗದ ಹಾಗೆ ತೇಯ್ದಿರ್ತೀವಿ. ಅದನ್ನ ನೋಡೋ ರೀತಿ ಹೇಳ್ತೀನಿ. ಮೊದ್ಲು ನೀಲಿ ಕಾರ್ಬನ್ ಪೇಪರ್ ಇಟ್ಟು ಕಚ್ಚಿಸ್ತೀವಿ, ಟೆಂಪರರಿ ಹಲ್ಲಿನ ಮೇಲೆ ನೀಲಿ ಚುಕ್ಕೆ ಬಂದಲ್ಲೆಲ್ಲಾ ತೇಯ್ತೀವಿ. ಆಮೇಲೆ 8 ಮೈಕ್ರಾನ್ ತೆಳುವಾದ ಲೋಹದ ಹಾಳೆ, ಬೇಗಡೆಗಿಂತಲೂ ತೆಳ್ಳಗಿರೋದು, ಅದನ್ನ ಚಿಮಟದಲ್ಲಿ ಹಿಡಿದು ಹಲ್ಲುಗಳ ಮಧ್ಯೆ ಇಟ್ಟು ಗಟ್ಟಿಯಾಗಿ ಕಚ್ಚಿ ಅಂತೀವಿ. ಪಕ್ಕದ ಸ್ವಂತ ಹಲ್ಲುಗಳ ಮಧ್ಯೆ ಹಾಳೆ ಸಿಕ್ಕಾಕೊಂಡು ಎಳೆದ್ರೆ ಹರೀಬೇಕು, ಟೆಂಪರರಿ ಹಲ್ಲಿನ ಹತ್ರ ಸಲೀಸಾಗಿ ಜಾರಿ ಆಚೆ ಬರ್ಬೇಕು. ಬರೀ ಕಚ್ಚೋದಷ್ಟೇ ಅಲ್ಲ, ದವಡೆ ಎಡಕ್ಕೆ ಬಲಕ್ಕೆ ಮುಂದಕ್ಕೆ ಜರುಗಿಸಿದಾಗ್ಲೂ ಜಾರಿ ಬರ್ಬೇಕು. ಇಷ್ಟು ಮಾಡಿದ್ಮೇಲೂ ಊಟ ಬಾಯಿಗೆ ಬಂದಾಗ ತುತ್ತು ಮಧ್ಯೆ ಸಿಕ್ಕು ಸ್ವಲ್ಪ ಭಾರ ಬೀಳತ್ತೆ, ನಾಲಿಗೆನೂ ತಳ್ಳತ್ತೆ, ಅದಕ್ಕೇ ಆ ಕಡೆ ಅಗೀಬೇಡಿ ಅನ್ನೋದು. ದವಡೆ ಹಲ್ಲಿಗೆ ಇಷ್ಟೆಲ್ಲಾ ಮಾಡಿ ಕೂರಿಸಿದ್ರೂ ಸಿಗೋದು ಅಗಿಯೋಕೆ ಬರದ, ನಕ್ಕಾಗ್ಲೂ ಕಾಣದ ಒಂದು ಹಲ್ಲು. ಅಪ್ಪಂಗೆ ಅದರಿಂದ ಲಾಭ ಏನು ಅನ್ನೋದು ನನ್ನ ಪ್ರಶ್ನೆ. ಅಗಿಯೋಕೇ ಬರೋ ಹಾಗೆ 3 ದಿನಕ್ಕೆ ಕೊಡ್ತೀವಿ ಅಂದ್ರೆ, ಮೇಲೆ ಹೇಳಿದ ಆ 800 ನ್ಯೂಟನ್ ಮಿಲಿಮೀಟರನ್ನ ಹೊಸ ಮೂಳೆ ಮೇಲೆ ಹಾಕಿದ ಹಾಗೆ.

ಬೇಗ ಕೊಡಬಹುದಾ ಬೇಡ್ವಾ ಅಂತ ತೀರ್ಮಾನ ಆಗೋದು ಇಂಪ್ಲಾಂಟ್ ಹಾಕೋ ಹೊತ್ತಲ್ಲೇ, ಮೊದ್ಲೇ ಮಾತು ಕೊಡೋ ವಿಷಯ ಅಲ್ಲ. ತಿರುಗಿಸೋ ಬಲ (ಟಾರ್ಕ್) ಅಳೆಯೋ ಟಾರ್ಕ್ ವ್ರೆಂಚಲ್ಲಿ ಕೊನೇ ಸುತ್ತು ತಿರುಗಿಸೋವಾಗ ಕಡಿಮೆ ಅಂದ್ರೂ 35 ನ್ಯೂಟನ್ ಸೆಂಟಿಮೀಟರ್ ಬೇಕು ಅಂತ ಬಹಳಷ್ಟು ಜನ ಇಟ್ಕೊಂಡಿರ್ತಾರೆ, ನಾನೂ ಅದನ್ನೇ ನೋಡ್ತೀನಿ. ಜಾಸ್ತಿ ಇದ್ದಷ್ಟೂ ಒಳ್ಳೇದು ಅಂತ ಬಲವಂತವಾಗಿ ಬಿಗಿದ್ರೆ ಕತ್ತಿನ ಹತ್ರ ಮೂಳೆ ಜಜ್ಜಿ ರಕ್ತ ಓಡಾಟ ನಿಲ್ಲೋ ಅಪಾಯ ಇದೆ. ಇಂಪ್ಲಾಂಟ್ ಎಷ್ಟು ಗಟ್ಟಿಯಾಗಿ ಕೂತಿದೆ ಅನ್ನೋದಕ್ಕೆ ಇನ್ನೊಂದು ಅಳತೆ ಐಎಸ್‌ಕ್ಯೂ, ಇಂಪ್ಲಾಂಟ್ ಮೇಲೆ ಆಯಸ್ಕಾಂತ ಇರೋ ಪುಟ್ಟ ಕಡ್ಡಿ ತಿರುಗಿಸಿ, ಮುಟ್ಟಿಸ್ದೆ ಹತ್ರ ಮಶೀನ್ ಹಿಡಿದ್ರೆ ಅದು ಕಂಪಿಸತ್ತೆ, 1ರಿಂದ 100ರೊಳಗೆ ಒಂದು ಅಂಕಿ ತೋರಿಸತ್ತೆ. 70 ದಾಟಿದ್ರೆ ನೆಮ್ಮದಿ, 60ರ ಕೆಳಗಿದ್ರೆ ಮುಚ್ಚಿಟ್ಟು ಕಾಯೋದೇ ಸರಿ. ಕೆನ್ನೆ ಕಡೆಯಿಂದ ಒಂದ್ಸಲ, ಪಕ್ಕದ ಹಲ್ಲಿನ ಕಡೆಯಿಂದ ಒಂದ್ಸಲ ಹಿಡೀಬೇಕು, ಅಂಕಿ ಬೇರೆ ಬೇರೆ ಬಂದ್ರೆ ಕಡಿಮೆ ಇರೋದನ್ನೇ ನಂಬೋದು, ಯಾಕಂದ್ರೆ ಇಂಪ್ಲಾಂಟ್ ವಾಲೋದು ಮೂಳೆ ತೆಳ್ಳಗಿರೋ ಕಡೆಗೇ.

ನಿಮ್ಮ ಓದಿಗೆ ಸಂಬಂಧಪಟ್ಟ ಒಂದು ಮಾತು. ಆ ಚಿತ್ರಗಳಲ್ಲಿ ಬಹಳಷ್ಟು ವಾನ್ ಮೈಸಸ್ ಸ್ಟ್ರೆಸ್ ತೋರಿಸ್ತಾರೆ. ಟೈಟಾನಿಯಂಗೆ ಅದು ಸರಿ. ಮೂಳೆಗೆ ಒತ್ತೋದು ಬೇರೆ, ಎಳೆಯೋದು ಬೇರೆ, ವಾನ್ ಮೈಸಸ್ ಎರಡನ್ನೂ ಒಂದೇ ಅಂಕಿಗೆ ಸೇರಿಸಿಬಿಡತ್ತೆ, ಹಾಗಾಗಿ ಮೂಳೆಗೆ ಎರಡನ್ನೂ ಬೇರೆ ಬೇರೆ ತೋರಿಸೋ ಪ್ರಿನ್ಸಿಪಲ್ ಸ್ಟ್ರೆಸ್ ಅಥವಾ ಸ್ಟ್ರೇನ್ (ಎಷ್ಟು ಹಿಗ್ಗಿತು, ಕುಗ್ಗಿತು ಅನ್ನೋ ಅಳತೆ) ನೋಡಿ. ಹೆರಾಲ್ಡ್ ಫ್ರಾಸ್ಟ್ ಅಂತ ಮೂಳೆ ತಜ್ಞರು ಕೊಟ್ಟ ಅಂದಾಜಿನ ಪ್ರಕಾರ ಸುಮಾರು 3000 ಮೈಕ್ರೋಸ್ಟ್ರೇನ್ (ಒಂದು ಮೈಕ್ರೋಸ್ಟ್ರೇನ್ ಅಂದ್ರೆ ಉದ್ದದ ಹತ್ತು ಲಕ್ಷದಲ್ಲಿ ಒಂದು ಭಾಗದ ಬದಲಾವಣೆ) ದಾಟಿದ್ರೆ ಮೂಳೆ ರಿಪೇರಿ ಆಗೋದಕ್ಕಿಂತ ಹಾಳಾಗೋದೇ ಜಾಸ್ತಿ, 1500ರಿಂದ 3000ದ ಒಳಗಿನ ಭಾರಕ್ಕೆ ಮೂಳೆ ಇನ್ನಷ್ಟು ಗಟ್ಟಿಯೇ ಆಗತ್ತೆ. ಮೂಳೆಗೆ ಭಾರವೇ ಬೀಳಬಾರದು ಅಂತಲ್ಲ, ಅದಕ್ಕೆ ಭಾರ ಬೇಕು, ಹೊತ್ತು ನೋಡಿ ಬೇಕು. ಕಂಪ್ಯೂಟರ್ ಮಾಡೆಲ್ಲಿಗೆ ಈ ಬೆಳೆಯೋ ಕರಗೋ ಗುಣ ಸಾಮಾನ್ಯವಾಗಿ ಇರಲ್ಲ, ಅದು ಒಂದು ಕ್ಷಣದ ಚಿತ್ರ. ಪ್ರಾಜೆಕ್ಟ್ ಮಾಡೋ ಆಸೆ ಇದ್ರೆ ಸ್ಟ್ರೆಸ್ ಜೊತೆಗೆ ಇಂಪ್ಲಾಂಟ್ ಮತ್ತೆ ಮೂಳೆ ನಡುವಿನ ಜಾರುವಿಕೆಯನ್ನ ಮೈಕ್ರಾನಲ್ಲಿ ತೆಗೆದು ತೋರಿಸಿ, ನಮ್ಮಂಥ ಡಾಕ್ಟ್ರಿಗೆ ಅದೇ ಹೆಚ್ಚು ಉಪಯೋಗ.

ಇನ್ನು ಊಟ. ಮಂಡ್ಯದವ್ರಿಗೆ ಒಂದು ಅನುಕೂಲ, ಮುದ್ದೆ ಅಗಿಯೋ ಹಾಗೇ ಇಲ್ಲ, ಸಾರಲ್ಲಿ ಅದ್ದಿ ನುಂಗೋದೇ, ಮೊದಲ ಎರಡು ತಿಂಗಳಿಗೆ ಇದಕ್ಕಿಂತ ಒಳ್ಳೇ ಊಟ ನನಗೆ ಗೊತ್ತಿಲ್ಲ. ಇಡ್ಲಿ, ಮೆತ್ತಗೆ ಬೆಂದ ಅನ್ನ ಆಗ್ಬಹುದು. ಗರಿಗರಿ ಮದ್ದೂರು ವಡೆ, ಚಕ್ಕುಲಿ, ಹುರಿದ ಕಡ್ಲೆಬೀಜ, ಅಡಿಕೆ, ನಾಟಿ ಕೋಳಿ ಮೂಳೆ, ಇವು ಬೇಡ. ಕಬ್ಬಂತೂ ಬೇಡವೇ ಬೇಡ, ಯಾಕಂದ್ರೆ ಸಿಪ್ಪೆ ಸಿಗಿಯೋವಾಗ ಹಲ್ಲಿಗೆ ಬೀಳೋದು ಪಕ್ಕಕ್ಕೆ ಜಗ್ಗೋ ಬಲ, ನಾವು ಇಷ್ಟೊತ್ತು ಯಾವುದಕ್ಕೆ ಹೆದರ್ತಾ ಇದ್ವೋ ಅದೇ. ಅಪ್ಪ ರಾತ್ರಿ ನಿದ್ದೇಲಿ ಹಲ್ಲು ಕಡೀತಾರಾ ಅಂತ ಅಮ್ಮನ್ನ ಕೇಳಿ, ಪೇಷೆಂಟಿಗೆ ಸ್ವತಃ ಅದು ಗೊತ್ತಿರಲ್ಲ. ಹೌದು ಅಂದ್ರೆ ಬೇಗ ಹಲ್ಲು ಕೂರಿಸೋ ಮಾತೇ ಎತ್ತಬೇಡಿ, ಆಮೇಲೂ ರಾತ್ರಿ ಹಾಕ್ಕೊಳ್ಳೋ ಗಾರ್ಡ್ ಬೇಕಾಗತ್ತೆ. ಬೀಡಿ ಸಿಗರೇಟು, ಹತೋಟೀಲಿ ಇಲ್ಲದ ಶುಗರ್, ಇವೆರಡೂ ಹೊಸ ಮೂಳೆ ಕಟ್ಟೋದನ್ನ ನಿಧಾನ ಮಾಡತ್ತೆ, ಆ ಸಡಿಲ ವಾರಗಳು ಇನ್ನಷ್ಟು ಉದ್ದ ಆಗತ್ತೆ.

3 ದಿನ ಅಂದ ಕ್ಲಿನಿಕ್ಕಿಗೇ ಹೋಗೋದಾದ್ರೂ ಹೋಗಿ, ಆದ್ರೆ ಕೂತು ಕೇಳಿ: ಕೊಡೋ ಹಲ್ಲು ಎದುರಿನ ಹಲ್ಲಿಗೆ ತಾಗೋ ಹಾಗಿರತ್ತಾ, ತಾಗ್ದೆ ಇರೋ ಹಾಗಾ? ಟಾರ್ಕ್ ಅಥವಾ ಐಎಸ್‌ಕ್ಯೂ ಕಮ್ಮಿ ಬಂದ್ರೆ ಏನ್ ಮಾಡ್ತೀರ? ಕಮ್ಮಿ ಬಂದ್ರೆ ಮುಚ್ಚಿಟ್ಟು ಕಾಯ್ತೀವಿ ಅಂತ ಅವರ ಬಾಯಲ್ಲಿ ಬಂದ್ರೆ ಅವ್ರಿಗೆ ವಿಷಯ ಗೊತ್ತಿದೆ ಅಂತ ಅರ್ಥ. ಏನೇ ಬಂದ್ರೂ ಕೊಟ್ಟೇ ಕೊಡ್ತೀವಿ ಅಂದ್ರೆ ಎದ್ದು ಬನ್ನಿ. ಹಾಕಿದ್ಮೇಲೆ 3ನೇ, 4ನೇ ವಾರದ ಚೆಕಪ್ಪಿಗೆ ಮಂಡ್ಯದಿಂದ ಮೈಸೂರಿಗೆ ಬಂದು ಹೋಗೋದನ್ನ ನೋವಿಲ್ಲ ಅಂತ ತಪ್ಪಿಸ್ಬೇಡಿ.

ಒಂದು ವೇಳೆ ಮಧ್ಯೆ ಹಲ್ಲು ಅಲ್ಲಾಡ್ತಾ ಇದೆ ಅನ್ನಿಸಿದ್ರೆ ತಕ್ಷಣ ಇಂಪ್ಲಾಂಟ್ ಹೋಯ್ತು ಅಂತ ಗಾಬರಿ ಬೇಡ, ಎಷ್ಟೋ ಸಲ ಒಳಗಿನ ಇಂಪ್ಲಾಂಟ್ ಗಟ್ಟಿಯಾಗೇ ಇದ್ದು ಮೇಲಿನ ಕ್ಯಾಪ್ ಹಿಡಿದಿರೋ ಪುಟ್ಟ ಸ್ಕ್ರೂ ಮಾತ್ರ ಸಡಿಲ ಆಗಿರತ್ತೆ, ಅದನ್ನ ಕ್ಲಿನಿಕ್ಕಲ್ಲಿ ಬಿಚ್ಚಿ ನೋಡಿದ್ರೆ ಗೊತ್ತಾಗತ್ತೆ. ಆದ್ರೆ ನಾಲಿಗೆಯಲ್ಲಿ, ಬೆರಳಲ್ಲಿ ಅಲ್ಲಾಡಿಸಿ ಅಲ್ಲಾಡಿಸಿ ನೋಡ್ಬೇಡಿ, ಆ ಕಡೆ ಅಗಿಯೋದು ನಿಲ್ಲಿಸಿ ಅವತ್ತೇ ಫೋನ್ ಮಾಡಿ ಹೋಗಿ.